ಪಂಚಾಮೃತ ಕುಡಿದ ಬಂದೂಕು

ನಮ್ಮ ಮನೆಯಲ್ಲಿ ಒಂದು ಬಂದೂಕು ಇತ್ತು. ಹುಲಿ ಹೊಡೆದ ಬಂದೂಕು ಎಂದು ಅಪ್ಪ ಹೇಳುತ್ತಿದ್ದ. ಹುಲಿಯ ಮಾತು ಒತ್ತಟ್ಟಿಗಿರಲಿ, ನಮ್ಮ ಮನೆಗೆ ಬಂದ ಮೇಲೆ ಅದು ಒಂದು ಜಿರಳೆಯನ್ನೂ ಕೊಂದದ್ದು ನಾನು ಕಾಣೆ. ಪುಣೆಯ ಸದಾಶಿವ ಪೇಠೆಯ, ಹಲವು ಸಂಸಾರಗಳಿದ್ದ ಒಂದು ವಾಡೆಯಲ್ಲಿ, ಮಾಳಿಗೆಯ ಮೇಲಿನ ನಮ್ಮ ಬಿಡಾರದಲ್ಲಿ, ಬಾಗಿಲು ದಾಟಿದವರ ಕಣ್ಣಿಗೆ ಮೊದಲು ಬೀಳಲೆಂದೇ ಅಪ್ಪ ಅದನ್ನು ಎರಡು ಗೂಟಗಳ ಮೇಲೆ ಮಲಗಿಸಿದ್ದ. ಅದರ ಕೆಳಗೆ ದೇವರ ಪಟಗಳು. ದೇವರಿಗೆ ಬಂದೂಕಿನ ಕೆಳಗೆ ಜಾಗವೇ ಎಂದು ಅವ್ವ ಒಮ್ಮೆ ಗೊಣಗಿದ್ದಳು. ಅಪ್ಪ ಕೇಳಿಸಿಕೊಳ್ಳಲಿಲ್ಲ.

ನಾವು ಧಾರವಾಡದ ಕಡೆಯವರು. ಮಡಿ, ಏಕಾದಶಿ, ಚಾತುರ್ಮಾಸ. ತತ್ತಿ ಎಂಬ ಮಾತನ್ನು ಕೂಡ ಅಡಿಗೆಮನೆಯಲ್ಲಿ ಆಡಬಾರದು. ಅಂಥ ಮನೆಗೆ ಬೇಟೆಯ ಬಂದೂಕು ಹೇಗೆ ಬಂತು ಎಂದರೆ, ಅಪ್ಪ ಕ್ಯಾಂಪಿನ ಒಂದು ಲಿಲಾವಿನ ಅಂಗಡಿಯಲ್ಲಿ ಕಾರಕೂನ. ವಿಲಾಯತಿಗೆ ಮರಳುವ ಸಾಹೇಬರು ತಮ್ಮ ಕುರ್ಚಿ, ಕಪಾಟು, ಗಡಿಯಾರ, ಜಿಂಕೆಯ ಕೊಂಬು ಎಲ್ಲವನ್ನೂ ಅಲ್ಲಿ ತಂದು ಸುರಿಯುತ್ತಿದ್ದರು. ಕೂಗಿದವರಿಗೆ ಮಾಲು. ಈ ಬಂದೂಕನ್ನು ಮಾತ್ರ ಯಾರೂ ಕೂಗಲಿಲ್ಲ. ಬಹಳ ದಿನ ಮೂಲೆಯಲ್ಲಿ ಬಿದ್ದು ದೂಳು ತಿಂದ ಮೇಲೆ, ಬೇಕಾದರೆ ಒಯ್ಯಿ ಎಂದು ಅಂಗಡಿಯ ಧಣಿ ಅಪ್ಪನಿಗೆ ಕೊಟ್ಟುಬಿಟ್ಟ. ಪೊಲೀಸರು ಗುಂಡಿಗೆ ಪೆಟ್ಟು ಕೊಡುವ ಒಳಗಿನ ಸೂಜಿಯನ್ನು ಕೀಳಿಸಿದ ಮೇಲೆಯೇ ಅದನ್ನು ಹೊರಗೆ ಬಿಟ್ಟದ್ದು. ಅಂದರೆ ನಮ್ಮ ಮನೆಗೆ ಬಂದದ್ದು ಬಂದೂಕಲ್ಲ, ಕಬ್ಬಿಣ ಕಟ್ಟಿದ ಕೋಲು. ಅಪ್ಪನಿಗೆ ಇದು ಗೊತ್ತಿತ್ತು, ಅವ್ವನಿಗೆ ಗೊತ್ತಿತ್ತು, ಅವ್ವನಿಂದ ನನಗೂ ಗೊತ್ತಾಗಿತ್ತು. ಉಳಿದ ಪುಣೆಗೆ ಗೊತ್ತಿರಲಿಲ್ಲ.

ಮೊದಮೊದಲು ಅಪ್ಪ ಅಷ್ಟೇನೂ ಉದ್ದ ಬಿಡುತ್ತಿರಲಿಲ್ಲ. ಯಾವನೋ ಸಾಹೇಬ ದಾಂಡೇಲಿಯ ಕಾಡಿನಲ್ಲಿ ಈ ಬಂದೂಕಿನಿಂದ ಹುಲಿ ಹೊಡೆದನಂತೆ, ಅಷ್ಟೇ. ಕೇಳಿದವರು "ಹೌದಾ?" ಎಂದರು. ಆ ಒಂದು "ಹೌದಾ" ಅಪ್ಪನನ್ನು ಕೆಡಿಸಿತು. ಮುಂದಿನ ವರ್ಷದ ಹೊತ್ತಿಗೆ ಸಾಹೇಬನ ಕೈ ನಡುಗಿತು, ಪಕ್ಕದಲ್ಲಿದ್ದ ಅಪ್ಪ ನಳಿಗೆಗೆ ಆಸರೆ ಕೊಟ್ಟ. ಅಪ್ಪ ದಾಂಡೇಲಿಯ ದಾರಿಯನ್ನು ಕೂಡ ತುಳಿದವನಲ್ಲ. ಪುಣೆ ಬಿಟ್ಟೊಡನೆ ಬರುವ ಕಾತ್ರಜದ ಘಾಟು ದಾಟುವಾಗಲೇ ಟಾಂಗಾದಲ್ಲಿ ಕಣ್ಣು ಮುಚ್ಚಿ ಕೂರುವ ಮನುಷ್ಯ. ಆಮೇಲೆ ಅಪ್ಪನಿಗೆ ಅದೂ ಸಾಲದಾಯಿತು. ತೀರಿಹೋಗಿದ್ದ ನಮ್ಮ ಅಜ್ಜನನ್ನು ಎಳೆದು ತಂದ. ಅಜ್ಜ ಸಾಹೇಬನ ಜೀವ ಉಳಿಸಿದನಂತೆ, ಸಾಹೇಬ ಕಣ್ಣೀರು ಹಾಕಿ ಈ ಬಂದೂಕನ್ನು ಕೈಗಿತ್ತನಂತೆ. ನಮ್ಮ ಅಜ್ಜ ಧಾರವಾಡದಲ್ಲಿ ಊರವರ ಶ್ರಾದ್ಧ ಮಾಡಿಸಿಕೊಂಡಿದ್ದವನು. ಅವನು ಕೊನೆಯವರೆಗೂ ಹೆದರಿದ್ದು ನಾಯಿಗೆ.

ಬಂದೂಕಿನ ಹಿಡಿಯ ಮರದ ಮೇಲೆ ಮೂರು ಉದ್ದನೆಯ ಗೀರುಗಳಿದ್ದವು. ಅವು ಹುಲಿಯ ಉಗುರು. ನಡುವೆ ಒಂದು ಕಡೆ ಮರ ಸವೆದು ಬೋಳಾಗಿ ಹೊಳೆಯುತ್ತಿತ್ತು. ಅದು ಗುರಿ ಹಿಡಿದು ಹಿಡಿದು ಸವೆದ ಜಾಗ. ಬಂದವರು ಬೆರಳಾಡಿಸಿ ನೋಡಬೇಕು, ನೋಡಿ ತಲೆದೂಗಬೇಕು, ಆಮೇಲೆ ಅವರಿಗೆ ಚಹ. ತಲೆದೂಗದವರಿಗೆ ಚಹ ಬರುವುದು ತಡವಾಗುತ್ತಿತ್ತು. ಕೆಳಗಿನ ಬಿಡಾರದ ಮರಾಠಿ ಮಾಸ್ತರರು ಮಾತ್ರ ಅಂಗಳದಲ್ಲಿ ಹಲ್ಲುಜ್ಜುತ್ತ, "ಕಾಯ್ ರಾವ್, ಆಜ್ ಕಿತಿ ವಾಘ?" ಎಂದು ಕೂಗಿ ಕೇಳುತ್ತಿದ್ದರು. ಇವತ್ತು ಎಷ್ಟು ಹುಲಿ ಎಂದು ಅವರು ಕೇಳುತ್ತಿದ್ದುದು ಚೇಷ್ಟೆಗೆ ಎಂಬುದು ವಾಡೆಯ ಬೆಕ್ಕಿಗೂ ತಿಳಿದಿತ್ತು. ಅಪ್ಪ ಮಾತ್ರ ಗಂಭೀರವಾಗಿ ಮೀಸೆ ತೀಡುತ್ತಿದ್ದ.

ನಾನೂ ಆ ಬಂದೂಕಿಗೆ ಒಂದು ಚರಿತ್ರೆ ಕಟ್ಟಿಕೊಂಡಿದ್ದೆ. ಕಟ್ಟುವುದು ನಮ್ಮ ಮನೆಯ ರೋಗ, ನನ್ನನ್ನು ಮಾತ್ರ ಬಿಟ್ಟೀತೆ? ನನ್ನ ಚರಿತ್ರೆಯಲ್ಲಿ ಆ ಸಾಹೇಬ ಹುಲಿ ಹೊಡೆಯಲು ಕಾಡಿಗೇನೋ ಹೋಗುತ್ತಾನೆ. ಮಚಾನಿನ ಮೇಲೆ ಕೂತು ಕುಡಿಯುತ್ತಾನೆ, ಸೊಳ್ಳೆ ಕಚ್ಚಿಸಿಕೊಂಡು ಬೈಯುತ್ತಾನೆ, ಗೊರಕೆ ಹೊಡೆಯುತ್ತಾನೆ. ಹುಲಿ ಕೆಳಗಿನಿಂದ ಹಾದು ಹೋಗುತ್ತದೆ. ಊರಿನವರು ಗುಂಡಿ ತೋಡಿ ಅದನ್ನು ಕೆಡವುತ್ತಾರೆ. ಸಾಹೇಬ ಬೆಳಗ್ಗೆ ಎದ್ದು ಸತ್ತ ಹುಲಿಯ ಮೇಲೆ ಕಾಲಿಟ್ಟು ಫೋಟೋ ತೆಗೆಸುತ್ತಾನೆ. ಆ ಬೋಳು ಜಾಗ ಗುರಿ ಹಿಡಿದು ಸವೆದದ್ದಲ್ಲ. ಕೆನ್ನೆ ತಾಗುವ ಕಡೆ ಮರ ಹೊಸದರಂತೆಯೇ ಇತ್ತು. ಸವೆದದ್ದು ಹೆಗಲ ಮೇಲೆ ಹೊರುವ ಕಡೆ. ಗುಡ್ಡ ಹತ್ತಿ ಇಳಿದು ಯಾವನೋ ಬಡವ ಅದನ್ನು ಹೊತ್ತು ಹೊತ್ತು ತನ್ನ ಹೆಗಲನ್ನೂ ಮರವನ್ನೂ ಸವೆಸಿದ್ದ. ಗೀರುಗಳು ಪೆಟ್ಟಿಗೆಯ ಮೊಳೆಯವು. ಆ ಸಾಹೇಬ ಕ್ಲಬ್ಬಿನಲ್ಲಿ ಕೂತು ಬಡಾಯಿ ಕೊಚ್ಚಿ, ತಿರುಗಿ ಹೋಗುವಾಗ ಬಂದೂಕನ್ನು ಅಪ್ಪನ ಅಂಗಡಿಯಲ್ಲಿ ಬಿಟ್ಟುಹೋದ. ಒಬ್ಬ ಬಡಾಯಿಕೋರನ ಕೈಯಿಂದ ಇನ್ನೊಬ್ಬನ ಕೈಗೆ. ನನ್ನ ಚರಿತ್ರೆಗೂ ಸಾಕ್ಷಿ ಇರಲಿಲ್ಲ, ಆದರೆ ಅಪ್ಪನದಕ್ಕಿಂತ ನಂಬುವಂತಿತ್ತು.

ವರ್ಷಕ್ಕೊಮ್ಮೆ ಖಂಡೇನವಮಿ ಬರುತ್ತಿತ್ತು. ಆಯುಧ ಇದ್ದವರು ಆಯುಧ ಪೂಜಿಸುವ ದಿನ. ನಮ್ಮಂಥವರು ಈಳಿಗೆಮಣೆ, ಕತ್ತರಿ, ಅಪ್ಪನ ಲೇಖನಿ ಇಟ್ಟು ಕುಂಕುಮ ಹಚ್ಚಿ ಮುಗಿಸುತ್ತಿದ್ದೆವು. ಬಂದೂಕು ಬಂದ ಮೇಲೆ ಈಳಿಗೆಗೆ ಕೇಳುವವರಿಲ್ಲದಾಯಿತು. ಅಪ್ಪ ಮಡಿ ಉಟ್ಟು, ಬಂದೂಕನ್ನು ದೊಡ್ಡ ತಾಮ್ರದ ಹರಿವಾಣದ ಮೇಲೆ ಅಡ್ಡ ಇಟ್ಟು, ಸಾಲಿಗ್ರಾಮಕ್ಕೆ ಮಾಡುವಂತೆ ಅದಕ್ಕೆ ಅಭಿಷೇಕ ಮಾಡುತ್ತಿದ್ದ. ಹಾಲು, ಮೊಸರು, ತುಪ್ಪ, ಜೇನುತುಪ್ಪ, ಸಕ್ಕರೆ. ಬಂದೂಕಿಗೆ ಎಣ್ಣೆ ಒರೆಸಬೇಕು, ನೀರು ಕೂಡ ತಾಗಿಸಬಾರದು ಎಂದು ಅಷ್ಟು ವರ್ಷ ಸಾಹೇಬರ ಸಾಮಾನು ನೋಡಿದವನಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೆ ಪುರೋಹಿತರ ಮಗನ ಕೈ. ಪೂಜಿಸುವುದು ಎಂದರೆ ನೆನೆಸುವುದು ಎಂದೇ ಆ ಕೈ ಕಲಿತದ್ದು. ಜೇನು ಸಂದುಗಳಲ್ಲಿ ಇಳಿದು ಕೂತಿತು, ತುಪ್ಪ ಅದರ ಮೇಲೆ ಹೆಪ್ಪುಗಟ್ಟಿತು, ಸಕ್ಕರೆ ಅಂಟಿತು. ಎರಡು ನವಮಿ ಕಳೆಯುವಷ್ಟರಲ್ಲಿ ಗುಂಡು ತುಂಬುವ ಬಾಯಿ ಜಪ್ಪಯ್ಯ ಎಂದರೂ ತೆರೆಯದಾಯಿತು. ನಳಿಗೆಯೊಳಗೆ ಕೆಂಪಿರುವೆಗಳು ಸಂಸಾರ ಹೂಡಿದವು. ಅವ್ವ ಗೋಡೆಯ ಮೇಲೆ ಅರಿಸಿನದ ಗೆರೆ ಎಳೆದು ನೋಡಿದಳು. ಇರುವೆ ಸಾಲು ಅರಿಸಿನ ದಾಟಿ ದೇವರ ಪಟಗಳ ಮೇಲೆಯೇ ಇಳಿದು ಅಡಿಗೆಮನೆಗೆ ಹೋಗುತ್ತಿತ್ತು.

"ಹುಲಿ ಹೊಡದದ್ದು ಸುಳ್ಳೋ ಖರೇನೋ," ಎಂದಳು ಅವ್ವ ಒಂದು ದಿನ ಬೆಲ್ಲದ ಡಬ್ಬಿಯನ್ನು ನೀರಿನಲ್ಲಿ ಇಡುತ್ತ, "ಇರುವಿ ಸಾಕಿದ್ದಂತೂ ಖರೇ ಅದ."

ಇಷ್ಟೇ ಆಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಆ ಕೋಲಿನ ಕೀರ್ತಿ ಧಾರವಾಡದವರೆಗೆ ಹೋಗಿ, ಅಲ್ಲಿಂದ ನನಗೊಂದು ವರವನ್ನು ಹಿಡಿದುಕೊಂಡು ಬಂತು.

ಆಗ ನಾನು ಹುಡುಗಿಯರ ಮರಾಠಿ ಶಾಲೆಯ ಕೊನೆಯ ವರ್ಷದಲ್ಲಿದ್ದೆ. ಶಾಲೆ ಮುಗಿಸುವವರು ಕೊಡುವ ಮುಲ್ಕಿ ಪರೀಕ್ಷೆ ಹತ್ತಿರ ಬಂದಿತ್ತು. ಅದು ಪಾಸಾದರೆ ಕಲಿಸುವ ತರಬೇತಿಗೆ ಸೇರಬಹುದು, ಸ್ವಂತ ಕಾಲ ಮೇಲೆ ನಿಲ್ಲಬಹುದು ಎಂದು ನಮಗೆ ಕಲಿಸುತ್ತಿದ್ದ ಬಾಯಿಯವರು ಹೇಳಿದ್ದರು. ನನಗೆ ಆಗ ಬೇರೆ ಯಾವ ಆಸೆಯೂ ಇರಲಿಲ್ಲ. ಹದಿನಾರು ತುಂಬಿತ್ತು, ನಮ್ಮವರ ಕಣ್ಣಲ್ಲಿ ಅದು ಆಗಲೇ ಬಲಿತ ವಯಸ್ಸು. ವರ ಬೆಳಗಾವಿಯ ಕಡೆಯ ಜಹಗೀರದಾರ. ಮೊದಲ ಹೆಂಡತಿ ತೀರಿಹೋಗಿದ್ದಳು. ಅಪ್ಪನಿಗಿಂತ ನಾಲ್ಕೈದು ವರ್ಷ ಚಿಕ್ಕವನಿರಬೇಕು. ತಾನು ಬೇಟೆಗಾರನೆಂದು ಅವನ ಹೆಮ್ಮೆ, ಬೇಟೆಯ ಮನೆತನದ ಹುಡುಗಿಯೇ ಬೇಕೆಂದು ಅವನ ಹಟ. ಬೇಟೆಯ ಮನೆತನ! ಶ್ರಾದ್ಧದ ಅಜ್ಜ ಕೇಳಿದ್ದರೆ ಪಿಂಡ ಕೈಬಿಡುತ್ತಿದ್ದ.

"ಪರೀಕ್ಷಾ ಮುಗೀಲಿ ಅಪ್ಪಾ," ಎಂದು ನಾನು ಅಂದೆ.

"ಜಹಗೀರದಾರನ ಮನ್ಯಾಗ ಯಾರು ನಿನ್ನ ಪರೀಕ್ಷಾ ಕೇಳ್ತಾರ?" ಎಂದ ಅಪ್ಪ. "ಕುದರಿ ಅವ, ಮೇಣೆ ಅದ. ನಸೀಬ ತಗದದ, ಸುಮ್ಮಕಿರು."

ವರ ಬರುವ ದಿನ ಬೆಳಗ್ಗೆ ಅವ್ವ ನನ್ನ ಹೆರಳು ಹಾಕುತ್ತಿದ್ದಳು. ಅವ್ವ ಮಾತಿನವಳಲ್ಲ. ಅಪ್ಪನ ಎದುರು "ಹೂಂ" ಎನ್ನುವುದೇ ಅವಳ ಭಾಷಣ. ಹೆರಳು ಅರ್ಧಕ್ಕೆ ಬಂದಾಗ ಕೈ ನಿಲ್ಲಿಸಿ ಕೇಳಿದಳು: "ನಿನಗ ಆ ಮನಿ ಬೇಕೇನು?"

"ಬ್ಯಾಡ," ಎಂದೆ. ಅಳು ಬಂತು.

"ಹೂಂ," ಎಂದಳು. ಮತ್ತೆ ಹೆರಳು ಹಾಕತೊಡಗಿದಳು. ನನಗೆ ಅವಳ ಮೇಲೂ ಸಿಟ್ಟು ಬಂತು. ಹೂಂ ಅನ್ನಲಿಕ್ಕೆ ಇವಳು ಕೇಳಬೇಕಿತ್ತೆ?

ಮಧ್ಯಾಹ್ನ ಅವರು ಬಂದರು. ಜಹಗೀರದಾರ, ಅವನ ತಾಯಿ. ಆಕೆ ಗಟ್ಟಿ ಮುದುಕಿ. ಮೂಗಿನ ನತ್ತು ಅಲ್ಲಾಡದಂತೆ ಮಾತಾಡುವವಳು. ಆತ ದಪ್ಪ ಮೀಸೆ, ಜರತಾರಿ ರುಮಾಲು. ನಾನು ತಟ್ಟೆ ಹಿಡಿದು ಬಂದು ನಮಸ್ಕಾರ ಮಾಡಿದೆ. ಆತ ನನ್ನನ್ನು ಒಮ್ಮೆ ನೋಡಿದ, ಬಂದೂಕನ್ನು ಎರಡು ಸಲ ನೋಡಿದ. ಅವ್ವ ಮುದುಕಿಯನ್ನು ಕುಂಕುಮಕ್ಕೆಂದು ಒಳಖೋಲಿಗೆ ಕರೆದುಕೊಂಡು ಹೋದಳು. ನಾನು ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಿಂತೆ. ಅಲ್ಲಿಂದ ಪಡಸಾಲೆ ಪೂರಾ ಕಾಣುತ್ತಿತ್ತು.

ಅಪ್ಪ ಬಂದೂಕನ್ನು ಇಳಿಸಿ, ಮಗುವನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ ಕೊಟ್ಟ. ಕಥೆ ಶುರುವಾಯಿತು. ಅಜ್ಜ ಬಂದ, ಸಾಹೇಬ ಬಂದ, ಹುಲಿ ಹಾರಿತು. ಆ ದಿನ ಹುಲಿಯ ಜತೆಗೆ ಅದರ ಹೆಣ್ಣೂ ಬಂದಿತ್ತು. ಅದನ್ನು ನಾನು ಮೊದಲ ಸಲ ಕೇಳಿದೆ. ಜಹಗೀರದಾರ ಹುಬ್ಬು ಗಂಟಿಕ್ಕಿ, ಬಲ್ಲವನ ಗತ್ತಿನಲ್ಲಿ, ಗುಂಡು ತುಂಬುವ ಬಾಯಿ ತೆರೆಯಲು ಹಿಡಿ ಎಳೆದ. ಬರಲಿಲ್ಲ. ಮತ್ತೆ ಎಳೆದ. ಮುಖ ಕೆಂಪಾಯಿತು, ರುಮಾಲು ಓರೆಯಾಯಿತು. ಬಂದೂಕು ಮಿಸುಕಲಿಲ್ಲ.

ನಿಜವಾದ ಬೇಟೆಗಾರನಾಗಿದ್ದರೆ ಮೂಸಿ ನೋಡಿದರೂ ಸಾಕು, ತುಪ್ಪದ ಕಮಟು ಹೇಳುತ್ತಿತ್ತು. ಈಗ ಗುಟ್ಟು ರಟ್ಟಾಗುತ್ತದೆ, ಸಂಬಂಧ ಮುರಿಯುತ್ತದೆ ಎಂದು ದೇವರನ್ನು ನೆನೆದೆ.

"ಅದು ಹಂಗ ಬಾಯಿ ಬಿಡೂದಿಲ್ರಿ," ಎಂದ ಅಪ್ಪ, ಕಣ್ಣು ಮಿಟುಕಿಸದೆ. "ಹುಲಿ ರಕ್ತಾ ಕಂಡ ಬಂದೂಕದು. ಹೊರಗಿನವರ ಕೈಗೆ ಒಗ್ಗೂದಿಲ್ಲ."

ಜಹಗೀರದಾರ ಅಪ್ಪನ ಮುಖ ನೋಡಿದ. ಆಮೇಲೆ ಮೆಲ್ಲಗೆ ತಲೆದೂಗಿದ. "ಹೌದ್ರಿ. ನಮ್ಮ ವಾಡೇದಾಗೂ ಹಿಂಥಾದ್ದೊಂದು ಅದ. ನಾ ಮುಟ್ಟಿದ್ರಷ್ಟ ತೆರೀತದ."

ಆಗ ನನಗೆ ತಿಳಿಯಿತು. ಈ ಮಹಾಶಯನೂ ಅಪ್ಪನ ಜಾತಿಯವನೇ. ಅಷ್ಟರಲ್ಲಿ ಎಳೆದಾಟಕ್ಕೆ ಎಚ್ಚೆತ್ತ ಕೆಂಪಿರುವೆಗಳು ನಳಿಗೆಯಿಂದ ಸಾಲಾಗಿ ಹೊರಬಿದ್ದು ಅವನ ಮುಂಗೈ ಏರಿದವು, ತೋಳಿನೊಳಗೆ ನುಗ್ಗಿದವು. ಹುಲಿಯ ಮಾತಾಡುತ್ತಿರುವವನು ಇರುವೆಗೆ ಅಯ್ಯಯ್ಯೋ ಎನ್ನಲಾದೀತೆ? ಹಲ್ಲು ಕಚ್ಚಿ ಕೂತ. ಕಣ್ಣಲ್ಲಿ ನೀರು ಬಂತು. ಅಪ್ಪ ಅದನ್ನು ಬಂದೂಕಿನ ಮೇಲಿನ ಭಕ್ತಿ ಎಂದುಕೊಂಡು ತಾನೂ ಕಣ್ಣೊರೆಸಿಕೊಂಡ. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡು, ಮದುವೆ ಮಾಘದಲ್ಲೋ ಫಾಲ್ಗುಣದಲ್ಲೋ ಎಂಬ ಮಾತಿಗೆ ಬಂದರು. ನನ್ನ ಪರೀಕ್ಷೆ ಚೈತ್ರಕ್ಕೆ ಇತ್ತು. ನಗು ಬಂದ ಗಂಟಲಲ್ಲೇ ನನಗೆ ಅಳು ಬಂತು. ಎರಡು ಸುಳ್ಳು ಕೂಡಿ ನನ್ನನ್ನು ಹೊತ್ತುಕೊಂಡು ಹೋಗುತ್ತಿದ್ದವು.

ಆಗ ಮುದುಕಿ ಒಳಖೋಲಿಯಿಂದ ಹೊರಗೆ ಬಂದಳು. ಹಿಂದೆ ಅವ್ವ, ತಲೆಯ ಮೇಲೆ ಸೆರಗು, ಕಣ್ಣು ನೆಲದ ಮೇಲೆ.

"ಹುಡುಗಿ ನಮಗ ಪಸಂದ ಅದ," ಎಂದಳು ಮುದುಕಿ ನಿಂತುಕೊಂಡೇ. "ಇನ್ನ ನಾವು ಬೇರೆ ಏನೂ ಕೇಳೂದಿಲ್ಲ. ಈ ಬಂದೂಕು ಹುಡುಗಿ ಜೋಡಿ ಬರಬೇಕು, ಅಷ್ಟ."

ಅಪ್ಪ ಬಂದೂಕನ್ನು ಜಹಗೀರದಾರನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡ. "ಬಾಯಾರ, ಬೇರೆ ಏನರ ಕೇಳ್ರಿ."

"ಬೇರೆ ಬ್ಯಾಡ್ರಿ. ನಿಮ್ಮ ಮನೆತನದ ಪದ್ಧತಿ ನಿಮಗ ಗೊತ್ತಿರಬೇಕಲ್ಲ. ಕೊಡಲಿಲ್ಲಂದ್ರ ನಮ್ಮನ್ನ ಹಗರ ಮಾಡಿದಂಗ."

ಯಾವ ಪದ್ಧತಿ ಎಂದು ಅಪ್ಪ ಕೇಳಲಿಲ್ಲ. ಕೇಳುವ ಹಾಗಿರಲಿಲ್ಲ, ಮನೆತನವನ್ನು ತಾನೇ ಕಟ್ಟಿದವನಿಗೆ ಅದಕ್ಕೊಂದು ಪದ್ಧತಿ ಇಲ್ಲ ಎನ್ನಲು ಬಾಯಿ ಎಲ್ಲಿ ಬರಬೇಕು? ಬಂದೂಕನ್ನು ಎದೆಗೆ ಅವುಚಿಕೊಂಡ. ಎದೆಯ ಮೇಲೂ ಇರುವೆ ಹರಿದವು.

"ಹುಡುಗೀನ ಕೊಡ್ತೀನ್ರಿ," ಎಂದ. "ಈಗಿಂದೀಗ ಕರಕೊಂಡ ಹೋಗಂದ್ರೂ ಕಳಸ್ತೀನಿ. ಬಂದೂಕು ಮಾತ್ರ ಈ ಮನಿ ಬಿಟ್ಟು ಹೋಗೂದಿಲ್ಲ. ಅದು ಹೋದ್ರ ಮನ್ಯಾಗ ಏನು ಉಳೀತದ?"

ನಾನು ಆಗಲೇ ಮರೆಯಿಂದ ಬಾಗಿಲಿಗೆ ಬಂದಿದ್ದೆ. ಅಪ್ಪನಿಗೆ ಕಾಣುವ ಹಾಗೆಯೇ ನಿಂತಿದ್ದೆ.

ಮುದುಕಿ ಮಗನ ಕಡೆ ನೋಡಿದಳು. ಮಗ ತೋಳು ಕೆರೆದುಕೊಳ್ಳಲು ಅವಕಾಶ ಸಿಕ್ಕರೆ ಸಾಕೆಂದು ಎದ್ದ. ಅವಲಕ್ಕಿಯ ತಟ್ಟೆಗಳು ಮುಟ್ಟದೆ ಉಳಿದವು. ಅವರು ಮೆಟ್ಟಿಲಿಳಿದು ಹೋದ ಮೇಲೆ ಅಪ್ಪ ಬಂದೂಕನ್ನು ಗೂಟದ ಮೇಲೆ ಇಟ್ಟು, ಧೋತರದಿಂದ ಒರೆಸಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿದ. ನನ್ನನ್ನು ನೋಡಲಿಲ್ಲ.

ನಾನು ಪರೀಕ್ಷೆ ಕೊಟ್ಟೆ, ಪಾಸಾದೆ, ತರಬೇತಿಗೆ ಸೇರಿದೆ. ಹುಡುಗಿಯರ ಶಾಲೆಯೊಂದರಲ್ಲಿ ಕಲಿಸತೊಡಗಿದೆ. ಮದುವೆಯೂ ಆಮೇಲೆ ಆಯಿತು, ನನ್ನ ಮನಸ್ಸಿಗೆ ಬಂದವರ ಜತೆ. ಅದರ ಕಥೆ ಇಲ್ಲಿ ಬೇಡ. ಬಂದೂಕಿನ ಕಥೆಗೆ ಮಾತ್ರ ಒಂದು ಹೊಸ ಅಧ್ಯಾಯ ಸೇರಿತು. ಮೊದಲು ಅಪ್ಪ, ಬಂದೂಕಿನ ಮಾನಕ್ಕಾಗಿ ಜಹಗೀರದಾರನನ್ನೇ ಹೊರಗೆ ಹಾಕಿದೆ ಎನ್ನುತ್ತಿದ್ದ. ಊರಿನಲ್ಲಿ ಹೆಣ್ಣುಮಕ್ಕಳ ಓದಿಗೆ ಬೆಲೆ ಬಂದಂತೆ ಕಥೆಯೂ ಹೊರಳಿತು. ನನ್ನ ಸಹೋದ್ಯೋಗಿಗಳು ಮನೆಗೆ ಬಂದಾಗ ಅವರೆದುರು ಕೂತು, "ಮಗಳ ವಿದ್ಯಾಕ್ಕಾಗಿ ನಾ ಅಂಥಾ ದೊಡ್ಡ ಸಂಬಂಧ ಬಿಟ್ಟೆ ನೋಡ್ರಿ," ಎಂದ. ಅವರು ಭಕ್ತಿಯಿಂದ ತಲೆದೂಗಿದರು. ಅವರಿಗೆ ಚಹ ಬೇಗ ಬಂತು. ನನಗೆ ಆ ಬಟ್ಟಲನ್ನು ಗೋಡೆಗೆ ಎಸೆಯಬೇಕು ಅನಿಸಿತು. ಬಂದೂಕಿನ ಸುಳ್ಳುಗಳನ್ನು ಸಹಿಸಿದ್ದೆ. ಇದನ್ನು ಇವತ್ತಿಗೂ ಸಹಿಸಿಲ್ಲ. ಅವ್ವ ಒಲೆಯ ಮುಂದೆ ಕೂತು ತನ್ನಷ್ಟಕ್ಕೆ ನಗುತ್ತಿದ್ದಳು. ಯಾಕೆ ನಗುತ್ತಾಳೆ ಎಂದು ನನಗೆ ಅರ್ಥವಾಗಿರಲಿಲ್ಲ.

ಅಪ್ಪ ಸಾಧಾರಣ ಜ್ವರ ಬಂದು ತೀರಿಕೊಂಡ. ಮರು ವರ್ಷ ಸ್ವಾತಂತ್ರ್ಯ ಬಂತು. ಪೇಠೆಯ ವಾಡೆವಾಡೆಗೂ ಬಾವುಟ. ಕ್ಯಾಂಪಿನಲ್ಲಿ ಸಾಹೇಬರು ಸಾಮಾನು ಕಟ್ಟುತ್ತಿದ್ದರು, ಲಿಲಾವಿನ ಅಂಗಡಿಗಳಲ್ಲಿ ಕಾಲಿಡಲು ಜಾಗವಿರಲಿಲ್ಲವಂತೆ. ಎಲ್ಲರೂ ಹೊರಡುವಾಗ ಇದೊಂದು ಯಾಕೆ ಉಳಿಯಬೇಕು ಎಂದು ನಾನು ತವರಿಗೆ ಹೋದಾಗ ಸ್ಟೂಲು ಹಾಕಿ ಬಂದೂಕನ್ನು ಇಳಿಸಿದೆ, ಹಳೆ ಕಬ್ಬಿಣ ಕೊಳ್ಳುವ ಭಂಗಾರದವನನ್ನು ಕರೆದೆ. ಅವನು ಅಂಗಳದಲ್ಲಿ ನಳಿಗೆಯನ್ನು ನೆಲಕ್ಕೆ ಕುಟ್ಟಿದ. ಕಪ್ಪಗಾದ ತುಪ್ಪದ ಹೆಂಟೆ ಉದುರಿತು, ಅದರ ಹಿಂದೆ ಇರುವೆ. ಅವನು ಅದನ್ನು ಗೋಣಿಯಲ್ಲಿ ಸುತ್ತಿ ಹೊತ್ತುಕೊಂಡು ಹೋದ. ಹೆಗಲ ಮೇಲೆ, ಸರಿಯಾಗಿ ಆ ಬೋಳು ಜಾಗಕ್ಕೇ ಅದನ್ನು ಇಟ್ಟುಕೊಂಡಿದ್ದ.

ಅವ್ವ ಮೇಲಿನ ಕಟಾಂಜನ ಹಿಡಿದು ನೋಡುತ್ತಿದ್ದಳು. "ಹೋತು ಪೀಡಾ," ಎಂದು ನಾನು ಮೇಲೆ ಬಂದೆ.

"ಹಂಗ ಅನಬ್ಯಾಡ," ಎಂದಳು. "ನಿನ್ನ ಉಳಿಸಿದ್ದ ಅದು."

"ಅಪ್ಪ ಹೇಳಿದ್ದ ನೀನೂ ಹೇಳ್ತಿಯಲ್ಲಾ ಅವ್ವಾ?"

"ಅವರು ಹೇಳಿದ್ದಲ್ಲ." ಅವ್ವ ಸೆರಗಿನಿಂದ ಕೈ ಒರೆಸಿಕೊಂಡಳು. "ಅವತ್ತ ಒಳಖೋಲ್ಯಾಗ ಆ ಮುದುಕಿಗೆ ನಾನ ಹೇಳಿದೆ. ನಮ್ಮ ಮನೆತನದಾಗ ಹಿರೇ ಮಗಳ ಜೋಡಿ ಬಂದೂಕು ಕೊಡೂ ಪದ್ಧತಿ ಅದ, ನಮ್ಮ ಮನಿಯವರು ತಾವಾಗಿ ಬಾಯಿ ಬಿಡೂದಿಲ್ಲ, ನೀವು ಗಟ್ಟಿ ನಿಂತು ಕೇಳ್ರಿ ಅಂತ."

ನಾನು ಅಲ್ಲೇ ಕೂತುಬಿಟ್ಟೆ. ಇಪ್ಪತ್ತು ವರ್ಷದ ಮೇಲಾಗಿತ್ತು. ಅಷ್ಟೂ ವರ್ಷ ನಮ್ಮ ಮನೆಯಲ್ಲಿ ಸುಳ್ಳು ಹೇಳುವವನು ಅಪ್ಪನೊಬ್ಬನೇ ಎಂದುಕೊಂಡಿದ್ದೆ. ಎಲ್ಲಕ್ಕಿಂತ ದೊಡ್ಡದನ್ನು ಹೇಳಿದವಳು ಹೂಂ ಎನ್ನುತ್ತ ಸೌಟು ಹಿಡಿದು ಕೂತಿದ್ದಳು. ಬಂದೂಕು ಒಮ್ಮೆ ಮಾತ್ರ ಕೆಲಸ ಮಾಡಿತ್ತು, ಅದೂ ಅವಳ ಕೈಯಲ್ಲಿ. ಸಂತೋಷದಿಂದ ಅವಳನ್ನು ತಬ್ಬಿಕೊಳ್ಳಬೇಕು ಅನಿಸಿತು, ಆದರೆ ಅದಕ್ಕೆ ಮೊದಲೇ ಇನ್ನೊಂದು ಮಾತು ಚುಚ್ಚಿತು.

"ಮತ್ತ ಅಪ್ಪ ಕೊಟ್ಟಬಿಟ್ಟಿದ್ರ? ನನ್ನನ್ನೂ ಕೊಟ್ಟು, ಬಂದೂಕೂ ಕೊಟ್ಟಬಿಟ್ಟಿದ್ರ?"

"ಕೊಡತಿದ್ದಿಲ್ಲ."

"ಅಷ್ಟು ಖಾತ್ರಿ ಇತ್ತೇನು ನಿನಗ?"

"ಇತ್ತು," ಎಂದಳು ಅವ್ವ. ಖಾಲಿಯಾದ ಎರಡು ಗೂಟಗಳನ್ನು ನೋಡಿದಳು. ಅವುಗಳ ನಡುವಿನ ಗೋಡೆಯ ಮೇಲೆ ಬಂದೂಕಿನ ಉದ್ದಕ್ಕೆ ಸುಣ್ಣ ಬೆಳ್ಳಗೆ ಉಳಿದಿತ್ತು. "ಆದ್ರ ಆ ಮುದುಕಿ ಬಂದೂಕು ಕೇಳಿದಾಗ ಒಂದ ಗಳಿಗಿ, ನನ್ನ ಖಾತ್ರಿ ಸುಳ್ಳಾಗ್ಲಿ ಅಂತ ದೇವರಿಗೆ ಬೇಡಿಕೊಂಡೆ. ನೀ ಆ ಮನಿಗೆ ಹೋಗ್ಲಿ ಅಂತ ಅಲ್ಲ. ಬಂದೂಕು ಬೇಕಾದ್ರ ಒಯ್ಯಿರಿ, ನನ್ನ ಮಗಳು ಓದಲಿ ಅಂತ ಒಂದ ಮಾತು ನಿಮ್ಮಪ್ಪನ ಬಾಯಾಗಿಂದ ಬಂದೀತೇನೋ ಅಂತ."

ಅವಳು ಅದನ್ನು ಅಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ನಾನು ಜೀವಮಾನವಿಡೀ ಆ ಬಂದೂಕನ್ನು ನೋಡಿ ನಕ್ಕವಳು. ಆ ದಿನ ನಗು ಬರಲಿಲ್ಲ. ಒದ್ದೆ ಬಟ್ಟೆ ತಂದು ಗೋಡೆ ಒರೆಸತೊಡಗಿದೆ. ಇರುವೆಗಳು ಹಳೆಯ ದಾರಿಯಲ್ಲೇ ಇನ್ನೂ ಬರುತ್ತಿದ್ದವು.